ಕಾರಣ ಕೇಳದ ಅರ್ಜಿ

2022ರ ಜುಲೈ ತಿಂಗಳ ಒಂದು ಭಾನುವಾರ ನಾನು ತವರಿಗೆ ಹೋಗಿ ಅಮ್ಮನ ಬಳಿ ನನ್ನ ಮದುವೆಯ ಲಗ್ನಪತ್ರಿಕೆ ಇದೆಯೇ ಎಂದು ಕೇಳಿದೆ. ಪರಸ್ಪರ ಸಮ್ಮತಿಯ ವಿಚ್ಛೇದನದ ಅರ್ಜಿಗೆ ಮದುವೆಯ ಒಂದು ಛಾಯಾಚಿತ್ರವನ್ನೂ ಲಗ್ನಪತ್ರಿಕೆಯನ್ನೂ ಲಗತ್ತಿಸಬೇಕೆಂದು ವಕೀಲರು ಹೇಳಿದ್ದರು. ನನ್ನ ಮನೆಯಲ್ಲಿ ಛಾಯಾಚಿತ್ರಗಳಿದ್ದವು, ಪತ್ರಿಕೆ ಇರಲಿಲ್ಲ. ಅಮ್ಮ ಏನನ್ನೂ ಕೇಳದೆ ಒಳಗೆ ಹೋಗಿ, ಟ್ರಂಕಿನ ತಳದಿಂದ ಅರಿಸಿನದ ಕಲೆ ಇನ್ನೂ ಮಾಸದ ಪತ್ರಿಕೆಯೊಂದನ್ನು ತಂದುಕೊಟ್ಟು, ಅದನ್ನು ನನ್ನ ಕೈಗೆ ಬಿಡುವ ಮೊದಲು ಒಂದು ಕ್ಷಣ ಹಿಡಿದುಕೊಂಡೇ ನಿಂತಳು. ಹದಿನೆಂಟು ವರ್ಷದ ಹಿಂದಿನ ಪತ್ರಿಕೆ ಈಗೇಕೆ ಬೇಕು ಎಂಬುದನ್ನು ಅವಳು ಆಗಲೇ ಊಹಿಸಿದ್ದಳು ಎಂದು ನನಗೆ ಅನ್ನಿಸುತ್ತದೆ. ನಾನು ವಿಷಯ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ.

"ಕೈ ಮಾಡ್ತಾರಾ?" ಎಂದು ಕೇಳಿದಳು.

"ಇಲ್ಲಮ್ಮ."

"ಕುಡಿತವಾ?"

"ಇಲ್ಲ."

"ಬೇರೆ ಯಾರಾದರೂ ಇದ್ದಾರಾ?"

"ಇಲ್ಲ. ನನಗೂ ಇಲ್ಲ, ಅವರಿಗೂ ಇಲ್ಲ."

"ಮತ್ತೆ ಏನು?"

ಮುಂದಿನ ಎಂಟು ತಿಂಗಳಲ್ಲಿ ಈ "ಮತ್ತೆ ಏನು?" ಎಂಬ ಪ್ರಶ್ನೆಯನ್ನು ನನಗೆ ಎಷ್ಟು ಮಂದಿ, ಎಷ್ಟು ಬಗೆಯಲ್ಲಿ ಕೇಳಿದರು ಎಂಬುದಕ್ಕೆ ಲೆಕ್ಕವಿಲ್ಲ. ಪ್ರೀತಿಯಿಂದ ಕೇಳಿದವರೂ ಇದ್ದರು, ಕುತೂಹಲದಿಂದ ಕೇಳಿದವರೂ ಇದ್ದರು. ಅದನ್ನು ಕೇಳದೆ ಇದ್ದದ್ದು, ನನಗೆ ಆಶ್ಚರ್ಯವಾಗುವಂತೆ, ನ್ಯಾಯಾಲಯ ಒಂದೇ.

ನಮ್ಮ ದಾಂಪತ್ಯದ ಬಗ್ಗೆ ಹೇಳಬೇಕಾದದ್ದು ಹೆಚ್ಚೇನೂ ಇಲ್ಲ, ಅದೇ ಅದರ ಕಷ್ಟವೂ ಆಗಿತ್ತು. ಅವರು ಒಳ್ಳೆಯ ಮನುಷ್ಯರು. ಸಂಬಳ ಮನೆಗೆ ತರುತ್ತಿದ್ದರು, ಮಗಳ ಶಾಲೆಯ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರು, ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಅವರ ಪಕ್ಕದಲ್ಲಿ ಕುಳಿತಿದ್ದರು. ಆದರೆ ನಮ್ಮಿಬ್ಬರ ನಡುವಿನ ಮಾತು ಮದುವೆಯಾದ ಮೂರು ನಾಲ್ಕು ವರ್ಷಗಳಲ್ಲೇ ಬತ್ತುತ್ತ ಬಂದು, ಕೊನೆಗೆ ಗ್ಯಾಸು, ಫೀಸು, ವಿದ್ಯುತ್ ಬಿಲ್ಲು ಇಷ್ಟಕ್ಕೇ ನಿಂತಿತ್ತು. ನಾನು ಕೋಣೆಗೆ ಬಂದರೆ ಅವರ ಭುಜ ಬಿಗಿಯಾಗುವುದನ್ನು ನಾನು ಗಮನಿಸುತ್ತಿದ್ದೆ. ಅವರ ಬೈಕಿನ ಶಬ್ದ ಬೀದಿಯ ತುದಿಯಲ್ಲಿ ಕೇಳಿಸಿದಾಗ ನನ್ನ ಎದೆಯೊಳಗೆ ಏನೋ ಮುದುಡಿಕೊಳ್ಳುವುದನ್ನು ಅವರೂ ಗಮನಿಸಿರಬೇಕು. 2019ರಲ್ಲಿ ನಾವಿಬ್ಬರೂ ಕುಳಿತು, ಇನ್ನು ಗಂಡ ಹೆಂಡತಿಯಾಗಿ ಉಳಿದಿಲ್ಲ ಎಂದು ಒಪ್ಪಿಕೊಂಡೆವು. ಆ ಹೊತ್ತಿಗೆ ಮಗಳಿಗೆ ಹನ್ನೊಂದು ವರ್ಷ. ಅವಳಿಗಾಗಿ ಒಂದೇ ಸೂರಿನಡಿ ಬೇರೆ ಬೇರೆ ಕೋಣೆಗಳಲ್ಲಿ ಮೂರು ವರ್ಷ ಕಳೆದೆವು. ಅವಳಿಗಾಗಿ ಎಂದುಕೊಂಡಿದ್ದೆವು ಎನ್ನುವುದು ಹೆಚ್ಚು ಸರಿ, ಏಕೆಂದರೆ ನಾವು ಬೇರೆಯಾಗುತ್ತೇವೆಂದು ತಿಳಿಸಿದ ದಿನ ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಇನ್ನು ಮೇಲೆ ಊಟಕ್ಕೆ ಕೂತಾಗ ನಾನೇ ಮಾತಾಡ್ತಾ ಇರಬೇಕಾಗಿಲ್ಲ ಅಲ್ವಾ" ಎಂದಳು. ಆ ಮನೆಯ ಮೌನವನ್ನು ತುಂಬುವ ಕೆಲಸವನ್ನು ಒಂದು ಮಗು ಇಷ್ಟು ವರ್ಷ ತನ್ನದೆಂದು ಹೊತ್ತುಕೊಂಡಿತ್ತು ಎಂಬುದು ಅದುವರೆಗೆ ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ವಿಚ್ಛೇದನ ಎಂಬ ಮಾತು ಬಂದಾಗಲೆಲ್ಲ ನನ್ನ ಕಣ್ಣಮುಂದೆ ಬರುತ್ತಿದ್ದವರು ನನ್ನ ಸೋದರತ್ತೆ. ಅವರು 1981ರಲ್ಲಿ, ಮದುವೆಯಾದ ಎರಡನೆಯ ವರ್ಷ, ಒಂದು ಕೈಚೀಲದೊಂದಿಗೆ ತವರಿಗೆ ಹಿಂತಿರುಗಿ ಬಂದವರು ಮತ್ತೆ ಹೋಗಲಿಲ್ಲ. ಅಜ್ಜ ಎರಡು ಸಲ ಅವರನ್ನು ಬಸ್ಸು ಹತ್ತಿಸಿ ಗಂಡನ ಮನೆಗೆ ಬಿಟ್ಟುಬಂದರಂತೆ. ಮೂರನೆಯ ಸಲ ಅವರು ನಡುಮನೆಯ ಕಂಬ ಹಿಡಿದು ಕುಳಿತುಬಿಟ್ಟರಂತೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ನಾನು ಮೊದಲು ಕೇಳಿದ್ದು ಅವರ ಎದುರಿನಲ್ಲೇ, ಬಂದ ನೆಂಟರೊಬ್ಬರ ಬಾಯಿಂದ. ಊರಿನಲ್ಲಿ ಅವರಿಗೆ ಇದ್ದ ಹೆಸರು "ಗಂಡ ಬಿಟ್ಟವಳು". ಕನ್ನಡದಲ್ಲಿ ಈ ಮಾತಿಗೆ ಎರಡು ಅರ್ಥ ಸಾಧ್ಯ: ಗಂಡನು ಬಿಟ್ಟ ಹೆಣ್ಣು ಎಂದೂ ಆಗುತ್ತದೆ, ಗಂಡನನ್ನು ಬಿಟ್ಟ ಹೆಣ್ಣು ಎಂದೂ ಆಗುತ್ತದೆ. ಅತ್ತೆ ತಾವಾಗಿ ಬಿಟ್ಟುಬಂದವರು. ಆದರೂ ಊರು ಆ ಮಾತನ್ನು ಆಡಿದ್ದೂ ಕೇಳಿಸಿಕೊಂಡದ್ದೂ ಮೊದಲನೆಯ ಅರ್ಥದಲ್ಲಿಯೇ. ಅವರ ಗಂಡ ಇನ್ನೊಬ್ಬರೊಂದಿಗೆ ಸಂಸಾರ ಹೂಡಿದರು, ಆತನಿಗೆ ಅಂಥ ಹೆಸರೇನೂ ಅಂಟಲಿಲ್ಲ. ಅತ್ತೆಯ ವಿಚ್ಛೇದನ ಕಾಗದದ ಮೇಲೆ ಎಂದೂ ಆಗಲಿಲ್ಲ, ಅದನ್ನು ಕೇಳಬಹುದು ಎಂದು ಅವರಿಗೆ ಯಾರೂ ಹೇಳಲಿಲ್ಲ.

ಆದರೆ ಅವರು ಹಿಂತಿರುಗುವ ಐದು ವರ್ಷ ಮೊದಲೇ, 1976ರ ತಿದ್ದುಪಡಿಯ ಮೂಲಕ, ಹಿಂದೂ ವಿವಾಹ ಕಾಯ್ದೆಗೆ 13ಬಿ ಎಂಬ ಕಲಮು ಸೇರಿತ್ತು. 1955ರ ಮೂಲ ಕಾಯ್ದೆಯಲ್ಲಿ ವಿಚ್ಛೇದನ ಬೇಕೆಂದರೆ ಎದುರಿನವರ ಮೇಲೆ ಏನಾದರೊಂದನ್ನು ಹೊರಿಸಿ ಸಾಬೀತುಪಡಿಸಬೇಕಿತ್ತು. 13ಬಿ ಕಲಮು ಗಂಡ ಹೆಂಡತಿ ಇಬ್ಬರೂ ಕೂಡಿಯೇ ಅರ್ಜಿ ಸಲ್ಲಿಸುವ ದಾರಿಯನ್ನು ತೆರೆಯಿತು. ನಮ್ಮ ವಕೀಲರು ಐವತ್ತು ದಾಟಿದ ಶಾಂತ ಸ್ವಭಾವದ ಹೆಂಗಸು. ಅವರು ಆ ಕಲಮನ್ನು ನಮ್ಮಿಬ್ಬರ ಮುಂದೆ ಓದಿ ವಿವರಿಸಿದರು. ಅರ್ಜಿದಾರರು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಪ್ರತ್ಯೇಕವಾಗಿ ಬಾಳುತ್ತಿದ್ದಾರೆ, ಒಟ್ಟಿಗೆ ಬಾಳಲು ಅವರಿಗೆ ಸಾಧ್ಯವಾಗಿಲ್ಲ, ಮದುವೆಯನ್ನು ಕೊನೆಗೊಳಿಸಲು ಇಬ್ಬರೂ ಪರಸ್ಪರ ಒಪ್ಪಿದ್ದಾರೆ, ಇಷ್ಟೇ. ಏಕೆ ಸಾಧ್ಯವಾಗಿಲ್ಲ ಎಂಬ ಪ್ರಶ್ನೆ ಅದರಲ್ಲಿ ಇಲ್ಲ. ನಾನು ಅವರನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ.

ನಮಗಿದ್ದ ಒಂದು ಆತಂಕವೆಂದರೆ ಪ್ರತ್ಯೇಕ ವಾಸದ್ದು. ನನ್ನ ಪತಿ ಬಾಡಿಗೆ ಮನೆಗೆ ಹೋಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ ಎಂದು ವಕೀಲರು ತಿಳಿಸಿದರು: ಪ್ರತ್ಯೇಕವಾಗಿ ಬಾಳುವುದು ಎಂದರೆ ಗಂಡ ಹೆಂಡತಿಯಂತೆ ಬಾಳದಿರುವುದು, ಅದು ವಾಸದ ಸ್ಥಳವನ್ನು ಕುರಿತ ಮಾತಲ್ಲ, ಪರಿಸ್ಥಿತಿಯ ಕಾರಣದಿಂದ ಒಂದೇ ಸೂರಿನಡಿ ಇದ್ದವರೂ ಪ್ರತ್ಯೇಕವಾಗಿ ಬಾಳುತ್ತಿರಬಹುದು. ಇದನ್ನು ಕೇಳಿದಾಗ ನನಗೆ ಕಣ್ಣು ತುಂಬಿಬಂದವು. ನಮ್ಮ ಮನೆಯೊಳಗಿನ ಆ ಸ್ಥಿತಿಯನ್ನು ನಾನು ಯಾರಿಗೂ ವಿವರಿಸಲಾಗದೆ ಒದ್ದಾಡಿದ್ದೆ, ನೆಂಟರು ಬಂದಾಗ ಎರಡು ಹಾಸಿಗೆಗಳಲ್ಲಿ ಒಂದನ್ನು ಮಡಚಿಟ್ಟಿದ್ದೆ. ಅದನ್ನು ಮೂವತ್ತು ವರ್ಷಗಳ ಹಿಂದೆಯೇ ಯಾರೋ ಅರ್ಥಮಾಡಿಕೊಂಡು ಬರೆದಿಟ್ಟಿದ್ದರು.

ಆಗಸ್ಟಿನಲ್ಲಿ ಅರ್ಜಿಗೆ ಸಹಿ ಹಾಕಿದೆವು. ಮಗಳ ಪಾಲನೆ ನನ್ನಲ್ಲಿ, ವಾರಾಂತ್ಯ ಮತ್ತು ರಜೆಯ ಅರ್ಧ ತಂದೆಯೊಂದಿಗೆ, ಓದಿನ ಖರ್ಚು ಇಬ್ಬರದ್ದೂ, ನನಗೆ ಜೀವನಾಂಶ ಬೇಡ ಎಂಬ ಷರತ್ತುಗಳು ಒಂದು ಪುಟದಲ್ಲಿ ಮುಗಿದವು.

ಸುದ್ದಿ ಹರಡಿದ ಮೇಲೆ ನಡೆದದ್ದನ್ನು ನಾನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಾನು ಹೆದರಿದ್ದೇ ಬೇರೆ, ಎದುರಾದದ್ದೇ ಬೇರೆ. ಅತ್ತೆಗೆ ಆದದ್ದು ನನಗೂ ಆಗುತ್ತದೆ ಎಂದು ಹೆದರಿದ್ದೆ. ಹಾಗೆ ಆಗಲಿಲ್ಲ. ತಮ್ಮ ಅದೇ ಸಂಜೆ ಫೋನು ಮಾಡಿ, "ಅಕ್ಕ, ಯಾವಾಗ ಬೇಕಾದರೂ ಬಾ, ಮೇಲಿನ ಕೋಣೆ ಖಾಲಿ ಇದೆ" ಎಂದ. ನಾನು ಪಾಠ ಹೇಳುವ ಕಾಲೇಜಿನ ಸಹೋದ್ಯೋಗಿಗಳು ನ್ಯಾಯಾಲಯದ ದಿನಗಳಂದು ನನ್ನ ತರಗತಿಗಳನ್ನು ತಾವೇ ತೆಗೆದುಕೊಂಡರು. ಎಪ್ಪತ್ತೈದು ದಾಟಿದ ದೊಡ್ಡಪ್ಪ, ಅತ್ತೆಯನ್ನು ಅಜ್ಜನೊಂದಿಗೆ ಬಸ್ಸು ನಿಲ್ದಾಣದವರೆಗೆ ನಡೆಸಿಕೊಂಡು ಹೋದವರಲ್ಲಿ ಒಬ್ಬರು, "ಹಿಂದಿನ ಕಾಲ ಅಲ್ಲಮ್ಮ ಇದು, ಹೆಣ್ಣುಮಕ್ಕಳು ಸಹಿಸ್ಕೊಂಡು ಇರಬೇಕಾಗಿಲ್ಲ" ಎಂದರು. ಈ ಬದಲಾವಣೆ ನಿಜವಾದದ್ದು, ಅದನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಅತ್ತೆಗೆ ಮತ್ತು ನನಗೆ ನಡುವೆ ನಲವತ್ತು ವರ್ಷಗಳ ಅಂತರವಿದೆ. ಅಷ್ಟರಲ್ಲಿ ಹೆಣ್ಣುಮಕ್ಕಳು ಓದಿದ್ದಾರೆ, ದುಡಿದಿದ್ದಾರೆ, ತವರಿನ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. ಹಿಂತಿರುಗಿ ಬಂದವಳು ಯಾರದೋ ಅನ್ನಕ್ಕೆ ಪಾಲುಗಾರಳಾಗಿ ಬಂದವಳಲ್ಲ ಎಂಬುದು ಮನೆಯವರಿಗೆ ಗೊತ್ತಿದೆ.

ಆದರೆ ದೊಡ್ಡಪ್ಪನ ಮಾತು ಅಲ್ಲಿಗೇ ಮುಗಿಯಲಿಲ್ಲ. "ಏನು ಮಾಡಿದ ಅವನು? ನನ್ನ ಹತ್ತಿರ ಹೇಳು" ಎಂದರು. ಏನೂ ಮಾಡಲಿಲ್ಲ ಎಂದಾಗ ಅವರ ಮುಖದ ಮೇಲಿನ ಅನುಕಂಪ ಗೊಂದಲವಾಗಿ ಬದಲಾದದ್ದನ್ನು ನಾನು ನೋಡಿದೆ. ಸಹಿಸಿಕೊಳ್ಳಬೇಕಾಗಿಲ್ಲ ಎಂದು ಅವರು ಮನಸಾರೆ ಒಪ್ಪಿದ್ದರು, ಆದರೆ ಸಹಿಸಲಾಗದಂಥದ್ದು ಏನಾದರೂ ಇರಲೇಬೇಕು ಎಂದೂ ಅಷ್ಟೇ ಮನಸಾರೆ ನಂಬಿದ್ದರು. ನಮ್ಮ ಸಮಾಜ ಈಗ ಬಂದು ನಿಂತಿರುವ ಜಾಗ ಇದು ಎಂದು ನನಗೆ ಆಗ ಅರ್ಥವಾಯಿತು. ಪೆಟ್ಟಿನ ಗುರುತು, ಸಾಲ, ಕುಡಿತ, ಇನ್ನೊಂದು ಸಂಬಂಧ, ಇವುಗಳಲ್ಲಿ ಒಂದನ್ನು ತೋರಿಸಿದರೆ ವಿಚ್ಛೇದನಕ್ಕೆ ಇಂದು ಬೆಂಬಲ ಸಿಗುತ್ತದೆ. ಇಬ್ಬರು ಒಳ್ಳೆಯವರು ಒಟ್ಟಿಗಿದ್ದು ಒಣಗಿಹೋಗುತ್ತಿದ್ದಾರೆ ಎಂಬುದಕ್ಕೆ ಸಿಗುವುದು "ಮತ್ತೆ ಏನು?" ಎಂಬ ಪ್ರಶ್ನೆ ಮಾತ್ರ. ಸಹೋದ್ಯೋಗಿಯೊಬ್ಬರು, ನನ್ನ ಹಿತವನ್ನೇ ಬಯಸಿ, ಏನಾದರೊಂದು ಕಾರಣ ಹೇಳಿಬಿಡುವಂತೆ, ಹಾಗೆ ಹೇಳಿದರೆ ಜನ ಸುಮ್ಮನಾಗುತ್ತಾರೆಂದು ಸಲಹೆ ನೀಡಿದರು. ಹಾಗೆ ಹೇಳುವುದು ಸುಲಭವಿತ್ತು. ಆದರೆ ಹೇಳಿದರೆ ನನ್ನ ತಂದೆಯ ಹಾಸಿಗೆಯ ಪಕ್ಕ ನಿದ್ದೆಗೆಟ್ಟು ಕುಳಿತ ಮನುಷ್ಯನೊಬ್ಬನಿಗೆ ನಾನು ಜೀವನಪೂರ್ತಿ ಉಳಿಯುವ ಕಳಂಕವನ್ನು ಹಚ್ಚಿದಂತಾಗುತ್ತಿತ್ತು. ನಾನು ಹೇಳದೆ ಉಳಿದದ್ದರಿಂದ ಜನ ತಾವೇ ಕಾರಣಗಳನ್ನು ಕಟ್ಟಿಕೊಂಡರು. ನನ್ನ ಬಗ್ಗೆ ಒಂದು ಕಥೆ ಹುಟ್ಟಿತು, ಅವರ ಬಗ್ಗೆ ಎರಡು. ಅವರ ಗಂಡಸುತನದ ಬಗ್ಗೆ ಅವರ ಕಚೇರಿಯಲ್ಲಿ ನಡೆದ ಮಾತುಗಳನ್ನು ಅವರು ನನಗೆ ಹೇಳಿದ್ದು ಬಹಳ ತಡವಾಗಿ, ಅದೂ ತಲೆ ತಗ್ಗಿಸಿಕೊಂಡು.

ನಮ್ಮ ಸಂಸ್ಕೃತಿಯಲ್ಲಿ ಇದು ಇರಲೇ ಇಲ್ಲ ಎಂದವರೂ ಇದ್ದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಕೂಡಿಕೆ, ಉಡಿಕೆ ಎಂಬ ಪದಗಳು ಕನ್ನಡದಲ್ಲಿ ಇರುವುದೇ, ಒಂದು ಸಂಬಂಧ ಮುರಿದ ಅಥವಾ ಗಂಡನನ್ನು ಕಳೆದುಕೊಂಡ ಹೆಣ್ಣು ಮತ್ತೆ ಸಂಸಾರ ಹೂಡುವ ಪದ್ಧತಿ ನಮ್ಮ ಅನೇಕ ಸಮುದಾಯಗಳಲ್ಲಿ ಇದ್ದುದರಿಂದ. ಅಂಥ ರೂಢಿಗತ ವಿಚ್ಛೇದನದ ಹಕ್ಕನ್ನು 1955ರ ಕಾಯ್ದೆಯೂ ತನ್ನ 29ನೆಯ ಕಲಮಿನಲ್ಲಿ ಹಾಗೆಯೇ ಉಳಿಸಿಕೊಟ್ಟಿದೆ. ಕೆಲವು ಜಾತಿಗಳ ಕಟ್ಟುಪಾಡನ್ನು ಇಡೀ ನಾಡಿನ ಸಂಸ್ಕೃತಿ ಎಂದು ಹೇಳುತ್ತ ಬಂದದ್ದರಿಂದ ಅತ್ತೆಯಂಥವರು ಬೆಲೆ ತೆರಬೇಕಾಯಿತು.

ನನ್ನ ಪತಿಯ ಕಡೆಯ ಹಿರಿಯರೊಬ್ಬರು ಇನ್ನೊಂದು ಉಪಾಯ ಸೂಚಿಸಿದ್ದರು. ಅದೇ ಕಾಯ್ದೆಯ 9ನೆಯ ಕಲಮಿನಡಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಗೆ ನನಗೆ ನೋಟಿಸು ಕಳಿಸಿದರೆ ನಾನು ದಾರಿಗೆ ಬರುತ್ತೇನೆ ಎಂಬುದು ಅವರ ಅಂಬೋಣ. ಅದನ್ನು ಕೇಳಿದಾಗ ನನಗೆ ನೆನಪಾದವರು ರಖ್ಮಾಬಾಯಿ. ಹನ್ನೊಂದರ ವಯಸ್ಸಿನಲ್ಲಿ ಮದುವೆಯಾದ ಆಕೆಯ ಮೇಲೆ ಗಂಡ 1884ರಲ್ಲಿ ಬೊಂಬಾಯಿಯಲ್ಲಿ ಇಂಥದ್ದೇ ದಾವೆ ಹೂಡಿದ್ದ. 1887ರಲ್ಲಿ ನ್ಯಾಯಾಲಯ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳ ಸೆರೆವಾಸ ಎಂದಾಗ ಆಕೆ ಸೆರೆಮನೆಯನ್ನೇ ಆರಿಸಿಕೊಂಡಳು. ಮರುವರ್ಷ ರಾಜಿಯಲ್ಲಿ ಪ್ರಕರಣ ಮುಗಿದ ಮೇಲೆ ಲಂಡನ್ನಿಗೆ ಹೋಗಿ ಓದಿ ವೈದ್ಯೆಯಾಗಿ ಹಿಂತಿರುಗಿದಳು. ನನ್ನ ಪತಿ ಆ ಹಿರಿಯರಿಗೆ, "ಬರೋದಿಲ್ಲ ಅನ್ನೋರನ್ನ ಕೋರ್ಟಿಂದ ಕರೆಸಿಕೊಂಡು ಏನು ಮಾಡಲಿ ಮಾವ?" ಎಂದರಂತೆ. ಹದಿನೆಂಟು ವರ್ಷಗಳಲ್ಲಿ ನನಗೆ ಅವರ ಮೇಲೆ ಅತ್ಯಂತ ಗೌರವ ಮೂಡಿದ ಗಳಿಗೆ ಅದು.

ಕೌಟುಂಬಿಕ ನ್ಯಾಯಾಲಯದ ಮೊದಲ ದಿನ ನಮ್ಮ ಪ್ರಕರಣದ ಸಂಖ್ಯೆ ಕೂಗುವವರೆಗೆ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ, ನಡುವೆ ನನ್ನ ಚೀಲವನ್ನಿಟ್ಟುಕೊಂಡು, ಎರಡು ಗಂಟೆ ಕುಳಿತಿದ್ದೆವು. ಅಲ್ಲಿ ಕಾಯುತ್ತಿದ್ದವರನ್ನು ನೋಡುತ್ತಿದ್ದಾಗ ಯಾರೂ ಯಾರನ್ನೂ ಏನೂ ಕೇಳದ ಒಂದು ಶಾಂತಿ ಆ ಮೊಗಸಾಲೆಯಲ್ಲಿ ಇದೆ ಎನ್ನಿಸಿತು. ತಾಯಿಯೊಂದಿಗೆ ಬಂದ ಇಪ್ಪತ್ತೆರಡರ ಹುಡುಗಿ ಇದ್ದಳು, ಅರವತ್ತು ದಾಟಿದ ದಂಪತಿಗಳಿದ್ದರು, ಕಂಕುಳಲ್ಲಿ ಕೂಸಿದ್ದ ಹೆಂಗಸಿನ ಟಿಫಿನ್ ಡಬ್ಬಿಯಿಂದ ಆಕೆಯ ಗಂಡನೇ ಆ ಕೂಸಿಗೆ ತುತ್ತು ತಿನ್ನಿಸುತ್ತಿದ್ದ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ, ಸಾಧ್ಯವಿದ್ದಲ್ಲಿ ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಮೊದಲ ಕರ್ತವ್ಯ. ಹಾಗಾಗಿ ನಮ್ಮನ್ನು ಆಪ್ತ ಸಮಾಲೋಚಕರ ಬಳಿ ಕಳಿಸಿದರು. ಅಲ್ಲಿ ಮತ್ತೆ ನನ್ನ ಗುಣದೋಷಗಳ ವಿಚಾರಣೆ ನಡೆಯುತ್ತದೆ ಎಂದುಕೊಂಡು ಮೈಯೆಲ್ಲ ಬಿಗಿಹಿಡಿದು ಕುಳಿತಿದ್ದೆ. ಸಮಾಲೋಚಕಿ ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದ್ದು ಮುಖ್ಯವಾಗಿ ಎರಡು ವಿಷಯ: ಈ ಒಪ್ಪಿಗೆ ಯಾರದಾದರೂ ಒತ್ತಾಯದಿಂದ ಬಂದದ್ದೇ, ಮಗಳಿಗೆ ಇದು ತಿಳಿದಿದೆಯೇ. ಬಳಿಕ ಒಟ್ಟಿಗೆ ಕೂರಿಸಿ, "ಇನ್ನೂ ಒಂದು ಪ್ರಯತ್ನ ಮಾಡಬೇಕು ಅನ್ನಿಸುತ್ತಾ?" ಎಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಮೊದಲು, "ಇಲ್ಲ ಮೇಡಂ" ಎಂದರು. ನಾನೂ ಹಾಗೆಯೇ ಎಂದೆ. ಬಹಳ ಕಾಲದ ಮೇಲೆ ನಾವು ಒಂದೇ ಮಾತನ್ನು ಆಡಿದ್ದೆವು.

ಅರ್ಜಿ ಸಲ್ಲಿಸಿದ ದಿನಕ್ಕೂ ನ್ಯಾಯಾಲಯದ ಮುಂದೆ ಇಬ್ಬರೂ ಕೊಡುವ ಎರಡನೆಯ ಹೇಳಿಕೆಗೂ ನಡುವೆ ಕನಿಷ್ಠ ಆರು ತಿಂಗಳ ಅಂತರವನ್ನು ಕಾನೂನು ಇಟ್ಟಿದೆ. ಆ ಅವಧಿ ಕಡ್ಡಾಯವಲ್ಲ, ತಕ್ಕ ಪ್ರಕರಣಗಳಲ್ಲಿ ಅದನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಪ್ರತ್ಯೇಕವಾಗಿದ್ದೇವೆ, ಷರತ್ತುಗಳೆಲ್ಲ ಇತ್ಯರ್ಥವಾಗಿವೆ, ಹಾಗಾಗಿ ಮನ್ನಾಕ್ಕೆ ಅರ್ಜಿ ಹಾಕಬಹುದು ಎಂದು ವಕೀಲರು ಹೇಳಿದರು. ನಾವು ಬೇಡವೆಂದೆವು. ಮಗಳು ಹೊಸ ಏರ್ಪಾಡಿಗೆ ಒಗ್ಗಿಕೊಳ್ಳುವುದನ್ನು ನೋಡಿಯೇ ಮುಂದುವರಿಯೋಣ ಎಂದು ಇಬ್ಬರಿಗೂ ಅನ್ನಿಸಿತ್ತು. ಬೇರೆಯವರಿಗೆ ಇದು ಸರಿಯಾದ ಆಯ್ಕೆಯಾಗಲಿಕ್ಕಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೆದರಿ ಬದುಕುವ ಕಡೆ ಆರು ತಿಂಗಳು ಎನ್ನುವುದು ಕ್ರೂರವಾದ ಅವಧಿ.

ಆ ಆರು ತಿಂಗಳು ನಾನು ಎಣಿಸಿದ್ದಕ್ಕಿಂತ ಕಷ್ಟವಾದವು. ಎರಡನೆಯ ಹೇಳಿಕೆಯವರೆಗೆ ಯಾರು ಬೇಕಾದರೂ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದು, ಆದ್ದರಿಂದ ಪ್ರತಿ ರಾತ್ರಿಯೂ ಬಾಗಿಲು ತೆರೆದೇ ಇರುತ್ತಿತ್ತು. ಮನೆ ನಿಶ್ಶಬ್ದವಾಗಿರುತ್ತಿತ್ತು, ಆದರೆ ಅದು ಹಿಂದಿನ ಮೌನವಾಗಿರಲಿಲ್ಲ. ಅಕ್ಟೋಬರಿನ ಒಂದು ಸಂಜೆ ಮಳೆಯಲ್ಲಿ ಬೈಕಿನ ಶಬ್ದವೊಂದು ಬೀದಿಯ ತುದಿಯಲ್ಲಿ ಕೇಳಿಸಿದಾಗ ಅಭ್ಯಾಸಬಲದಿಂದ ನನ್ನ ಎದೆ ಮುದುಡಿತು. ಅದು ಪಕ್ಕದ ಮನೆಯವರ ಬೈಕು. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ಬಹಳ ಹೊತ್ತು ಅತ್ತೆ. ಬಿಡುಗಡೆಯ ಸಂತೋಷಕ್ಕೆ ಅತ್ತೆನೋ, ಆ ಶಬ್ದ ಇನ್ನೆಂದೂ ನಮ್ಮ ಮನೆಯ ಮುಂದೆ ನಿಲ್ಲುವುದಿಲ್ಲ ಎಂದು ಅತ್ತೆನೋ ನನಗೆ ಇಂದಿಗೂ ತಿಳಿದಿಲ್ಲ. ವಿಚ್ಛೇದನವನ್ನು ತಾನೇ ಬಯಸಿದವರಿಗೆ ದುಃಖಿಸುವ ಹಕ್ಕಿಲ್ಲ ಎಂದು ಜನ ತಿಳಿಯುತ್ತಾರೆ. ನೀವೇ ಕೇಳಿಕೊಂಡದ್ದಲ್ಲವೇ ಎಂದು ಯಾರಾದರೂ ಹೇಳಿಬಿಡುತ್ತಾರೆಂಬ ಭಯದಿಂದ ನಾನು ಆ ದುಃಖವನ್ನು ಯಾರೊಂದಿಗೂ ಹಂಚಿಕೊಳ್ಳಲಿಲ್ಲ.

2023ರ ಮಾರ್ಚ್ ತಿಂಗಳಲ್ಲಿ ಎರಡನೆಯ ಹೇಳಿಕೆ ದಾಖಲಾಯಿತು. ನ್ಯಾಯಾಧೀಶರು ಇಬ್ಬರನ್ನೂ ನಮ್ಮ ಹೇಳಿಕೆಗೆ ಬದ್ಧರೇ ಎಂದು ಕೇಳಿದರು, ಹೌದೆಂದೆವು. ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಹೊರಗೆ ಬಂದ ಮೇಲೆ ಅವರು, "ಹುಷಾರಾಗಿ ಹೋಗು" ಎಂದರು. ಮಾರನೆಯ ಶನಿವಾರ ಮಗಳನ್ನು ಕರೆದೊಯ್ಯಲು ಬಂದಾಗ ನಮ್ಮ ಮನೆಯ ಬಾಗಿಲಲ್ಲಿ ನಿಂತು, ಅವಳ ಗಣಿತದ ಅಂಕಗಳ ಬಗ್ಗೆ ನನ್ನೊಂದಿಗೆ ಹತ್ತು ನಿಮಿಷ ಮಾತಾಡಿದರು. ಅವರ ಭುಜ ಸಡಿಲವಾಗಿತ್ತು.

ಎರಡು ತಿಂಗಳ ಬಳಿಕ, ಮೇ 1ರಂದು, ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು ಆ ಕಾರಣದ ಮೇಲೆಯೇ ಕೊನೆಗೊಳಿಸುವ ಅಧಿಕಾರ ಸಂವಿಧಾನದ 142ನೆಯ ವಿಧಿಯಡಿ ತನಗಿದೆ ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಹೇಳಿತು. ಆದರೆ ಆ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ. ಒಬ್ಬರು ಒಪ್ಪದಿದ್ದರೆ ಕೆಳಗಿನ ನ್ಯಾಯಾಲಯಗಳಲ್ಲಿ ಇಂದಿಗೂ ದೋಷಾರೋಪಣೆಯೇ ದಾರಿ. ಕಾನೂನು ಆಯೋಗ 1978ರಲ್ಲಿಯೇ ಸರಿಪಡಿಸಲಾಗದಷ್ಟು ಮುರಿದ ಮದುವೆ ಎಂಬ ಕಾರಣವನ್ನು ಕಾಯ್ದೆಯಲ್ಲಿ ಸೇರಿಸುವಂತೆ ಶಿಫಾರಸು ಮಾಡಿತ್ತು, 2013ರಲ್ಲಿ ರಾಜ್ಯಸಭೆ ಮಸೂದೆಯನ್ನು ಅಂಗೀಕರಿಸಿಯೂ ಇತ್ತು, ಆದರೂ ಅದು ಕಾನೂನಾಗಲಿಲ್ಲ. ನನ್ನ ಪತಿ ಒಪ್ಪದಿದ್ದರೆ ನಾನು ಅವರ ಮೇಲೆ ಏನನ್ನು ಹೊರಿಸಬೇಕಾಗಿತ್ತು ಎಂದು ಯೋಚಿಸುವಾಗ ನನಗೆ ಈಗಲೂ ಮೈ ನಡುಗುತ್ತದೆ.

ತೀರ್ಪಿನ ದೃಢೀಕೃತ ಪ್ರತಿ ಕೈಗೆ ಬಂದ ವಾರ ತವರಿಗೆ ಹೋದೆ. ಅಮ್ಮ ಅದನ್ನು ಲಗ್ನಪತ್ರಿಕೆ ಇದ್ದ ಟ್ರಂಕಿನಲ್ಲೇ ಇಡಲೇ ಎಂದು ಕೇಳಿದಳು. ಅಷ್ಟರಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಆ ಕಾಗದವನ್ನು ತೆಗೆದುಕೊಂಡರು. ಇಂಗ್ಲಿಷ್ ಬಾರದ ಕಾರಣ ಅರ್ಥ ಹೇಳು ಎಂದರು. ನಾನು ಸಾಲು ಸಾಲಾಗಿ ಹೇಳುತ್ತ ಹೋದೆ.

"ಯಾರದ್ದು ತಪ್ಪು ಅಂತ ಎಲ್ಲಿ ಬರೆದಿದ್ದಾರೆ?" ಎಂದರು.

"ಬರೆದಿಲ್ಲ ಅತ್ತೆ. ಅದನ್ನ ಕೇಳೋದೇ ಇಲ್ಲ."

ಅವರು ಕಾಗದವನ್ನು ಮಡಚದೆ ತೊಡೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಎದ್ದು ತಮ್ಮ ಕೋಣೆಗೆ ಹೋಗಿ ಮತದಾರರ ಗುರುತಿನ ಚೀಟಿಯನ್ನು ತಂದರು. ಅದರಲ್ಲಿ ಗಂಡನ ಹೆಸರು ಎಂದಿರುವ ಕಡೆ, ಅವರು ನಲವತ್ತೆರಡು ವರ್ಷಗಳಿಂದ ಮುಖ ನೋಡದ, ಕೆಲವು ವರ್ಷಗಳ ಹಿಂದೆ ತೀರಿಕೊಂಡ ಆ ಮನುಷ್ಯನ ಹೆಸರಿತ್ತು. ಇಲ್ಲಿ ಅಪ್ಪನ ಹೆಸರು ಹಾಕಿಸಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ, ನಮೂನೆ 8ರಲ್ಲಿ ತಿದ್ದುಪಡಿಗೆ ಅರ್ಜಿ ಕೊಡಬೇಕು ಎಂದೆ. ಆ ಮಧ್ಯಾಹ್ನವೇ ನನ್ನ ಫೋನಿನಲ್ಲಿ ಅರ್ಜಿಯನ್ನು ತೆರೆದು ಇಬ್ಬರೂ ಕುಳಿತು ತುಂಬಿದೆವು. ಅಜ್ಜನ ಹೆಸರಿನ ಅಕ್ಷರಗಳನ್ನು ಅತ್ತೆ ಒಂದೊಂದಾಗಿ ಹೇಳಿದರು, ನಾನು ಬರೆದೆ.